ಇವತ್ತಿನ ಸುಸ್ತಿಗೆ ಮೊನ್ನೆಯ ಲೆಕ್ಕ ನೋಡಿ

ಮಾನ್ಯರೇ,

ದೀರ್ಘಕಾಲದ ಕಾಯಿಲೆ ಇರುವವರು ಸುಸ್ತು ಎಂದರೆ ಸಿಗುವ ಸಲಹೆ ಎರಡೇ: ‘ಚೆನ್ನಾಗಿ ರೆಸ್ಟ್ ತಗೊಳ್ಳಿ’, ಇಲ್ಲವೇ ‘ಸ್ವಲ್ಪ ಓಡಾಡಿ, ಸರಿಹೋಗುತ್ತೆ’. ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಹೆಚ್ಚಾಗಿ ಇವೇ. ಎಷ್ಟು ರೆಸ್ಟ್, ಯಾವ ಹೊತ್ತಿಗೆ, ಎಷ್ಟು ಓಡಾಟ ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಅದನ್ನು ತಿಳಿಯಲು ಒಂದು ನೋಟ್‌ಬುಕ್ಕು ಮತ್ತು ಮೂರು ವಾರದ ತಾಳ್ಮೆ ಬೇಕು.

ಮೊದಲಿಗೆ, ಎಲ್ಲ ಸುಸ್ತನ್ನೂ ಹಳೆಯ ಕಾಯಿಲೆಯ ತಲೆಗೆ ಕಟ್ಟುವುದು ಬೇಡ. ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ ಇವೆಲ್ಲ ಚಿಕಿತ್ಸೆಗೆ ಬಗ್ಗುವಂಥವು. ಬಿ.ಪಿ.ಗೆ ಕೊಡುವ ಬೀಟಾ ಬ್ಲಾಕರ್, ಅಲರ್ಜಿಯ ಕೆಲವು ಮಾತ್ರೆಗಳೂ ಸುಸ್ತು ತರುತ್ತವೆ. ವೈದ್ಯರಲ್ಲಿ ಇವನ್ನು ತಪಾಸಣೆ ಮಾಡಿಸಿದ ಮೇಲೆ ಲೆಕ್ಕ ಶುರು ಮಾಡಬೇಕು.

ಎದ್ದಾಗ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಹೀಗೆ ನಾಲ್ಕು ಹೊತ್ತು 0ರಿಂದ 10ರವರೆಗೆ ಶಕ್ತಿಗೆ ಅಂಕ ಕೊಡಿ. ಅಂಕದ ಅರ್ಥವನ್ನು ಮೊದಲ ಪುಟದಲ್ಲೇ ಬರೆದಿಡಬೇಕು: 2 ಎಂದರೆ ಮಲಗಿದಲ್ಲಿಂದ ಏಳುವುದೇ ಕಷ್ಟ, 5 ಎಂದರೆ ಕೂತು ಮಾಡುವ ಕೆಲಸವಾಗುತ್ತದೆ, ನಿಂತು ಮಾಡುವುದು ಆಗದು, ಹೀಗೆ. ಇದಿಲ್ಲದಿದ್ದರೆ ಅಂಕ ಶಕ್ತಿಯನ್ನಲ್ಲ, ಆ ಗಳಿಗೆಯ ಬೇಸರವನ್ನು ಅಳೆಯುತ್ತದೆ. ಪಕ್ಕದಲ್ಲಿ ನಿದ್ದೆಯ ಗಂಟೆ, ಮಾಡಿದ ಕೆಲಸ, ಅದಕ್ಕೆ ಹಿಡಿದ ನಿಮಿಷ. ಹೆಚ್ಚಿನವರು ಬಿಟ್ಟುಬಿಡುವುದು ಮೈ ಅಲುಗದ ಕೆಲಸಗಳನ್ನು: ಉದ್ದದ ಫೋನ್ ಮಾತು, ಅರ್ಜಿ ತುಂಬುವುದು, ಮನೆಯ ಜಗಳ. ಇವುಗಳ ಖರ್ಚು ಕೆಲವೊಮ್ಮೆ ಮೆಟ್ಟಿಲು ಹತ್ತಿದ್ದಕ್ಕಿಂತ ಜಾಸ್ತಿ. ಇನ್ನೊಂದು ಎಡವಟ್ಟು, ತೀರಾ ಕೆಟ್ಟ ದಿನ ಬರೆಯಲು ತ್ರಾಣವೇ ಇರುವುದಿಲ್ಲವಾಗಿ ಪುಸ್ತಕದಲ್ಲಿ ಒಳ್ಳೆಯ ದಿನಗಳೇ ಉಳಿದುಬಿಡುತ್ತವೆ. ಅಂಥ ದಿನ ಬರೀ ಅಂಕ ಹಾಕಿದರೆ ಸಾಕು.

ಬರೆದದ್ದನ್ನು ಓದುವಾಗ ಎಲ್ಲರೂ ತಪ್ಪುವುದು ಒಂದೇ ಕಡೆ. ಶಕ್ತಿ ಕುಸಿದ ದಿನ ಏನು ಮಾಡಿದೆ ಎಂದು ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಎಂಇ/ಸಿಎಫ್‌ಎಸ್‌ನಲ್ಲಿ (ವಿಶ್ರಾಂತಿಗೂ ಹೋಗದ ತೀವ್ರ ದಣಿವಿನ ದೀರ್ಘಕಾಲದ ಕಾಯಿಲೆ), ಲಾಂಗ್ ಕೋವಿಡ್‌ನ (ಕೋವಿಡ್ ಬಂದುಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ) ಅನೇಕರಲ್ಲಿ, ಮಿತಿ ಮೀರಿದ್ದರ ಹೊಡೆತ ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಬೀಳುತ್ತದೆ. ಒಮ್ಮೆ ಬಿದ್ದರೆ ದಿನಗಟ್ಟಲೆ, ವಾರಗಟ್ಟಲೆ ಉಳಿಯಲೂಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸರಿಯೇ, ಆದರೆ ಈ ಹಾಸಿಗೆಯ ಅಳತೆ ಎರಡು ದಿನ ಕಳೆದ ಮೇಲೆ ತಿಳಿಯುತ್ತದೆ. ಹಾಗಾಗಿ ಕುಸಿದ ದಿನಕ್ಕೆ ಕೆಂಪು ಗುರುತು ಹಾಕಿ, ಅದರ ಹಿಂದಿನ ಎರಡು ದಿನದ ಸಾಲುಗಳನ್ನು ಓದಿ. ಮೂರು ನಾಲ್ಕು ಗುರುತುಗಳಾಗುವಷ್ಟರಲ್ಲಿ ಮತ್ತೆ ಮತ್ತೆ ಬರುವ ಕೆಲಸ ಯಾವುದೆಂದು ಕಾಣತೊಡಗುತ್ತದೆ.

ಇಪ್ಪತ್ತು ನಿಮಿಷ ನಿಂತರೆ ಮೈ ಸೋಲುತ್ತದೆ ಎಂದು ಗೊತ್ತಾಯಿತು ಅನ್ನಿ. ಹನ್ನೆರಡು ನಿಮಿಷಕ್ಕೇ ಟೈಮರ್ ಇಟ್ಟು ನಿಲ್ಲಿಸಬೇಕು, ಸೋಲುವವರೆಗೆ ಕಾಯಬಾರದು. ನಡುವಿನ ಹತ್ತು ನಿಮಿಷದ ವಿಶ್ರಾಂತಿ ಎಂದರೆ ಮಲಗಿ ಕಣ್ಣು ಮುಚ್ಚುವುದು. ಮೊಬೈಲ್ ನೋಡುವುದು ವಿಶ್ರಾಂತಿಯಲ್ಲ. ಸ್ನಾನಕ್ಕೆ ಸ್ಟೂಲು, ಉಗುರುಬೆಚ್ಚಗಿನ ನೀರು ವಾಸಿ. ಬಿಸಿನೀರಿಗೆ ರಕ್ತನಾಳ ಹಿಗ್ಗಿ, ನಿಂತಾಗ ರಕ್ತ ಕಾಲಿನತ್ತ ಇಳಿದು, ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ನಿಜಕ್ಕೂ ಅಪಾಯದ್ದು ಒಳ್ಳೆಯ ದಿನ: ಉಳಿದ ಕೆಲಸವೆಲ್ಲ ಅವತ್ತೇ ಮುಗಿಸುವ ಹುಮ್ಮಸ್ಸು ಬರುತ್ತದೆ. ಅವತ್ತೂ ಅದೇ ಹನ್ನೆರಡು ನಿಮಿಷ.

ಹಾಗಾದರೆ ವ್ಯಾಯಾಮ? ಸಂಧಿವಾತ, ಮಲ್ಟಿಪಲ್ ಸ್ಕ್ಲಿರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಕಾಯಿಲೆ), ಕ್ಯಾನ್ಸರ್ ಚಿಕಿತ್ಸೆಯ ನಂತರದ ಸುಸ್ತು ಇವುಗಳಲ್ಲಿ ಹದವಾದ ವ್ಯಾಯಾಮದಿಂದ ದಣಿವು ಕಡಿಮೆಯಾಗುತ್ತದೆ. ಎಂಇ/ಸಿಎಫ್‌ಎಸ್‌ನಲ್ಲಿ ಮಾತು ಬೇರೆ. ವಾರವಾರವೂ ಇಷ್ಟಿಷ್ಟು ಎಂದು ಹೆಚ್ಚಿಸುತ್ತ ಹೋಗುವ ವ್ಯಾಯಾಮವನ್ನು ಕೊಡಬಾರದು ಎಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಎಲ್ಲರಿಗೂ ‘ಓಡಾಡಿ’ ಎಂದು ಬರೆಯುವವರು ಈ ವ್ಯತ್ಯಾಸ ಗಮನಿಸಬೇಕೆಂಬುದು ನಮ್ಮ ಕೋರಿಕೆ. ನಡೆದ ಮರುದಿನ, ಅದರ ಮರುದಿನ ಅಂಕ ಇಳಿಯುತ್ತಿದ್ದರೆ ನಡಿಗೆ ಹೆಚ್ಚಿಸಬೇಡಿ.

ಮೈಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಸ್ಮಾರ್ಟ್‌ವಾಚ್ ನೂರಕ್ಕೆ ಇಷ್ಟೆಂದು ತೋರಿಸುವ ‘ಬಾಡಿ ಬ್ಯಾಟರಿ’ಯಂಥ ಅಂಕಿ ನಾಡಿಬಡಿತದ ಮೇಲೆ ಕಟ್ಟಿದ ಅಂದಾಜು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಾಡಿಯೇ ತಗ್ಗಿರುವುದರಿಂದ ಅದನ್ನು ನೆಚ್ಚುವಂತಿಲ್ಲ. ವಾಚು 80 ಅಂದು ಮೈ 3 ಅಂದರೆ, ಪುಸ್ತಕದಲ್ಲಿ 3 ಎಂದೇ ಬರೆಯಿರಿ.

ವೈದ್ಯರ ಬಳಿಗೆ ಇಡೀ ಪುಸ್ತಕ ಒಯ್ಯುವುದಕ್ಕಿಂತ ಒಂದು ಹಾಳೆ ಒಯ್ಯುವುದು ಲೇಸು: ತಿಂಗಳಲ್ಲಿ ಕುಸಿದ ದಿನ ಎಷ್ಟು, ಪ್ರತಿ ಸಲದ ಹಿಂದಿನ ಎರಡು ದಿನ ಏನಿತ್ತು, ಒಂದೇ ಸಮ ಎಷ್ಟು ನಿಮಿಷ ನಿಲ್ಲಲಾಗುತ್ತದೆ. ಎದೆನೋವು, ಹೊಸದಾಗಿ ಏದುಸಿರು, ಬಿಡದ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಹಾಳೆ ತುಂಬುವವರೆಗೆ ಕಾಯಬೇಡಿ.

– ದೀರ್ಘಕಾಲದ ಕಾಯಿಲೆಯವರ ಆರೈಕೆಯಲ್ಲಿ ತೊಡಗಿರುವ ಓದುಗರು