ಮೊದಲ ಸಂಪುಟ ಅಚ್ಚಿಗೆ ಹೋಗುವ ಮುನ್ನ ಕೊನೆಯದು ಬರೆದಿರಲಿ

ಮಾನ್ಯ ಸಂಪಾದಕರೇ,

ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಗೇಮ್‌ಗಳನ್ನು ದಾವಣಗೆರೆ, ಚಿತ್ರದುರ್ಗದ ಯುವಕ ಯುವತಿಯರೂ ಆಡುತ್ತಿದ್ದಾರೆ. ದುರ್ಗದ ಕೋಟೆಯನ್ನೇ ಹಿನ್ನೆಲೆಯಾಗಿಸಿ ಆರು ಸಂಪುಟಗಳ ಒಂದೇ ದೊಡ್ಡ ಸಾಹಸವನ್ನು, ಅಂದರೆ ಮೇಜಿನ ಸುತ್ತ ಆಡಿಸಲು ಬೇಕಾದ ಕಥೆಯನ್ನು, ಕನ್ನಡದಲ್ಲಿ ತರಬೇಕೆಂಬ ಆಸೆಯೂ ಕೆಲವರಿಗಿದೆ. ಬರಲೇಬೇಕಾದ ಪುಸ್ತಕಗಳು ಅವು. ಆದರೆ ಇಂಥ ಸರಣಿ ಎರಡನೆಯದೋ ಮೂರನೆಯದೋ ಸಂಪುಟಕ್ಕೆ ನಿಂತುಹೋದರೆ ಅದಕ್ಕೆ ದುಡ್ಡಿನ ಕೊರತೆಯೊಂದೇ ಕಾರಣವಾಗಿರುವುದಿಲ್ಲ. ಮೊದಲನೆಯದು ಮಾರಾಟಕ್ಕೆ ಬಂದ ಮೇಲೆ ಆರನೆಯದರ ಬಗ್ಗೆ ಯೋಚಿಸುವುದೇ ಮುಖ್ಯ ಕಾರಣ. ಹೊರತರುವವರ ಉಪಯೋಗಕ್ಕೆಂದು ಈ ಪತ್ರ.

ವಾರಪತ್ರಿಕೆಯ ಧಾರಾವಾಹಿಯಲ್ಲಿ ಯಾರು ಬದುಕಬೇಕು, ಯಾರು ಸಾಯಬೇಕು ಎನ್ನುವುದು ಲೇಖಕರ ಕೈಯಲ್ಲಿದೆ. ಇಲ್ಲಿ ಅದು ಆಟಗಾರರ ಕೈಯಲ್ಲಿ. ಐದನೇ ಸಂಪುಟದಲ್ಲಿ ಗುಟ್ಟಿನ ಪತ್ರ ತಂದುಕೊಡಬೇಕಾದ ಕಾವಲುಗಾರನನ್ನು ಎರಡನೆಯದರಲ್ಲೇ ಕೊಂದುಹಾಕುವ ಗುಂಪು ಇದ್ದೇ ಇರುತ್ತದೆ. ಆದ್ದರಿಂದ ಬರವಣಿಗೆ ಶುರುವಾಗುವ ಮೊದಲೇ ಒಂದು ಪಾತ್ರಪಟ್ಟಿ ಬೇಕು. ಪ್ರತಿ ಪಾತ್ರದ ಮುಂದೆ ಮೂರು ಕಲಂ: ಬದುಕಿದ್ದರೆ ಏನು, ಸತ್ತಿದ್ದರೆ ಏನು, ಆಟಗಾರರು ಭೇಟಿಯೇ ಆಗದಿದ್ದರೆ ಏನು. ಮೂರನೇ ಕಲಂ ಖಾಲಿ ಬಿಡುವವರೇ ಹೆಚ್ಚು, ಆಟ ಕೆಡುವುದೂ ಅಲ್ಲೇ ಹೆಚ್ಚು. ಕಥೆ ಮುಂದೆ ಹೋಗಲು ಬೇಕೇಬೇಕಾದ ಸುಳಿವನ್ನು ಒಬ್ಬನೇ ವ್ಯಕ್ತಿಯ ಬಾಯಲ್ಲಿಡದೆ ಕನಿಷ್ಠ ಮೂರು ಕಡೆ ಇಡಬೇಕು.

ದುರ್ಗವನ್ನು ಆರಿಸಿಕೊಂಡರೆ ಇನ್ನೊಂದು ತೊಡಕಿದೆ. ಓಬವ್ವನ ಕಿಂಡಿ ಇಲ್ಲಿ ಮಕ್ಕಳಿಗೂ ಗೊತ್ತು. ಲೇಖಕರು ಅದನ್ನು ಐದನೇ ಸಂಪುಟದ ಅಚ್ಚರಿಯೆಂದು ಕಾದಿರಿಸಿದರೆ ಆಟಗಾರರು ಮೊದಲ ಸಂಜೆಯೇ ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಚಂದ್ರವಳ್ಳಿಯ ಗುಹೆಗಳ ವಿಷಯವೂ ಅಷ್ಟೆ. ಎಲ್ಲರಿಗೂ ಗೊತ್ತಿರುವ ಜಾಗವನ್ನು ಮೊದಲ ಸಂಪುಟದಲ್ಲೇ ಧಾರಾಳವಾಗಿ ತೆರೆದಿಟ್ಟು, ಕಲ್ಪಿಸಿದ ನೆಲಮಾಳಿಗೆ, ಸುರಂಗಗಳನ್ನು ಮುಂದಕ್ಕೆ ಉಳಿಸಿಕೊಳ್ಳುವುದು ಲೇಸು. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ಕಥೆ ಆ ಕಾಲದ್ದಾದರೆ ಆಟಗಾರರು ಕೋಟೆಯನ್ನು ಉಳಿಸಲು ಹೊರಡುವುದು ಖಂಡಿತ. ಉಳಿಸಿಯೇಬಿಟ್ಟರೆ ಆರನೇ ಸಂಪುಟ ಎಲ್ಲಿಂದ ಶುರುವಾಗಬೇಕು? ಕಲ್ಪಿತ ಪಾಳೆಯಗಾರನೊಬ್ಬನ ಕಥೆ ಮಾಡಿ, ಮದಕರಿ ನಾಯಕ, ಓಬವ್ವರನ್ನು ದಾಳದ ಲೆಕ್ಕಕ್ಕೆ ಸಿಕ್ಕಿಸದಿರುವುದೇ ನಮ್ಮ ದೃಷ್ಟಿಯಲ್ಲಿ ಸರಿ. ಹಲವರು ಬರೆಯುವಾಗ ಕಾಲದ ತಪ್ಪುಗಳೂ ನುಸುಳುತ್ತವೆ. ಮಾರಿಕಣಿವೆ ಅಣೆಕಟ್ಟು ಪೂರ್ಣಗೊಂಡದ್ದು 1907ರಲ್ಲಿ. ಪಾಳೆಯಗಾರರ ಕಾಲದ ಸಾಹಸದಲ್ಲಿ ಅದರ ಹಿನ್ನೀರು ಬಂದರೆ ನಗೆಪಾಟಲು.

ಇನ್ನು ಲೆವೆಲ್‌ಗಳ, ಅಂದರೆ ಪಾತ್ರಗಳ ಶಕ್ತಿಯ ಮಟ್ಟಗಳ ಲೆಕ್ಕ. ಪಾತ್‌ಫೈಂಡರ್ ಆಟದ ಎರಡನೇ ಆವೃತ್ತಿಯನ್ನೇ ತೆಗೆದುಕೊಳ್ಳಿ. ಒಂದು ಲೆವೆಲ್ ಏರಲು 1,000 ಅನುಭವಾಂಕ ಬೇಕು, ನಾಲ್ಕು ಜನರ ಗುಂಪಿನಲ್ಲಿ ಒಬ್ಬೊಬ್ಬರಿಗೂ ಒಂದು ಸಾಧಾರಣ ಕಾದಾಟದಿಂದ 80 ಸಿಗುತ್ತದೆ. ಸಂಪುಟಕ್ಕೆ ಮೂರು ಲೆವೆಲ್ ಎಂದರೆ 3,000 ಅಂಕ, ಅಂದರೆ ಸುಮಾರು 38 ಕಾದಾಟ ಅಥವಾ ಅದಕ್ಕೆ ಸಮನಾದ ಬಹುಮಾನ. ಪುಟ ಸಾಲದೆ 25ಕ್ಕೆ ನಿಲ್ಲಿಸಿದರೆ ಒಬ್ಬೊಬ್ಬರಿಗೆ ದಕ್ಕುವುದು 2,000 ಮಾತ್ರ. ಒಂದರಿಂದ ಹೊರಟು ನಾಲ್ಕನೇ ಲೆವೆಲ್‌ನಲ್ಲಿ ಎರಡನೇ ಸಂಪುಟಕ್ಕೆ ಕಾಲಿಡಬೇಕಾದವರು ಮೂರರಲ್ಲೇ ಇರುತ್ತಾರೆ. ನಾಲ್ಕರ ಗುಂಪಿಗೆ 80 ಅಂಕದ ಸಾಧಾರಣ ಎದುರಾಳಿಯಾಗಿದ್ದ ಆರನೇ ಲೆವೆಲ್‌ನ ರಾಕ್ಷಸ, ಮೂರರ ಗುಂಪಿಗೆ 120 ಅಂಕದ ಕಠಿಣ ಎದುರಾಳಿಯಾಗುತ್ತಾನೆ. ಎರಡನೇ ಸಂಪುಟದ ಲೇಖಕರ ತಪ್ಪಿಲ್ಲದೆಯೇ ಅವರ ಮೊದಲ ಅಧ್ಯಾಯದಲ್ಲಿ ಪಾತ್ರಗಳು ಸಾಯುತ್ತವೆ. ಅಂಕ ಎಣಿಸುವುದನ್ನು ಬಿಟ್ಟು, ಕಥೆಯ ಇಂಥ ಘಟ್ಟ ಮುಟ್ಟಿದಾಗ ಒಂದು ಲೆವೆಲ್ ಎಂದು ಬರೆದರೆ ಈ ಸಮಸ್ಯೆಯ ಬಹುಪಾಲು ಕರಗುತ್ತದೆ. ಆದರೆ ಆ ಘಟ್ಟಗಳನ್ನು ಆರೂ ಸಂಪುಟಗಳಿಗೆ ಒಟ್ಟಿಗೇ ಗುರುತಿಸಬೇಕು.

ಈ ಬಗೆಯ ಪ್ರಕಟಣೆಯಲ್ಲಿ ಹೆಚ್ಚು ಅನುಭವವಿರುವುದು ಪಾತ್‌ಫೈಂಡರ್ ಹೊರತರುವ ಅಮೆರಿಕದ ಪೈಜೋ ಸಂಸ್ಥೆಗೆ. 2007ರ ಆಗಸ್ಟ್‌ನಲ್ಲಿ ಅದು ತಿಂಗಳಿಗೊಂದರಂತೆ, 96 ಪುಟಗಳ ಆರಾರು ಸಂಪುಟಗಳ ಸರಣಿ ಆರಂಭಿಸಿತು. ಒಂದು ಸಂಪುಟದ ರೂಪರೇಷೆ, ಬರವಣಿಗೆ, ಆಡಿ ನೋಡುವುದು, ತಿದ್ದುವುದು, ಚಿತ್ರ, ಮ್ಯಾಪ್, ಪುಟವಿನ್ಯಾಸ, ಮುದ್ರಣ ಎಲ್ಲ ಸೇರಿದರೆ ಎಂಟು ಹತ್ತು ತಿಂಗಳಾದರೂ ಹಿಡಿಯುತ್ತದೆ. ತಿಂಗಳಿಗೊಂದು ತರಬೇಕೆಂದರೆ ನಾಲ್ಕನೆಯದನ್ನು ಬರೆಯುವವರ ಮುಂದೆ ಮೂರನೆಯದರ ಅಂತಿಮ ಪ್ರತಿ ಇರುವುದಿಲ್ಲ, ರೂಪರೇಷೆಯೊಂದೇ ಆಧಾರ. ಆಟದ ನಿಯಮ ಬದಲಿಸುವಾಗ ಆ ಸಂಸ್ಥೆ ತೋರಿದ ಎಚ್ಚರವನ್ನೂ ಗಮನಿಸಬೇಕು. ಮೊದಲ ನಾಲ್ಕು ಸರಣಿಗಳ 24 ಸಂಪುಟಗಳು ಹಳೆಯ ನಿಯಮದಲ್ಲೇ ಬಂದವು. 2009ರಲ್ಲಿ ಹೊಸ ನಿಯಮ ಕಾಲಿಟ್ಟದ್ದು ಹೊಸ ಸರಣಿ ಆರಂಭವಾದ 25ನೆಯದರಲ್ಲಿ. ಒಂದು ಕಥೆಯ ನಡುವೆ ನಿಯಮ ಬದಲಾಯಿಸಲಿಲ್ಲ. 2021ರಿಂದ ಮೂರು ಸಂಪುಟಗಳ ಸರಣಿಗಳನ್ನೂ ತಂದಿತು. ನಮ್ಮವರು ಅನುಸರಿಸಬೇಕಾದದ್ದು ಇದನ್ನೇ: 64 ಪುಟಗಳ ಮೂರು ಪುಸ್ತಕ ಸಾಕು.

ಮಾರಾಟದ ಗಣಿತ ಕಟುವಾದದ್ದು. ನಾಲ್ಕು ಆಟಗಾರರು, ಆಟ ನಡೆಸಿಕೊಡುವ ಒಬ್ಬ ಗೇಮ್ ಮಾಸ್ಟರ್ ಇರುವ ಮೇಜಿಗೆ ಪುಸ್ತಕ ಒಂದೇ ಸಾಕು. ಆಟಗಾರರು ಅದನ್ನು ಓದಕೂಡದು ಕೂಡ. ಮೊದಲನೆಯದನ್ನು ಕೊಳ್ಳದವರು ಎರಡನೆಯದನ್ನು ಕೊಳ್ಳುವ ಸಂಭವ ಕಡಿಮೆ, ಹಾಗಾಗಿ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಸಾವಿರ ಪ್ರತಿಗೂ ಮುನ್ನೂರಕ್ಕೂ ಒಂದೇ, ಆದ್ದರಿಂದ ಕೊನೆಯ ಸಂಪುಟದ ಒಂದೊಂದು ಪ್ರತಿಯೂ ದುಬಾರಿ. ಮೊದಲನೆಯದು ಮುಗಿದುಹೋದರೆ ಉಳಿದೆಲ್ಲವೂ ಗೋಡೌನ್‌ನಲ್ಲಿ ಕೂರುತ್ತವೆ. ಮೊದಲನೆಯದನ್ನು ತುಸು ಹೆಚ್ಚು ಅಚ್ಚು ಹಾಕಿ, ಕೊನೆಯವನ್ನು ಡಿಜಿಟಲ್ ಪ್ರೆಸ್ಸಿನಲ್ಲಿ ಬೇಕಾದಷ್ಟೇ ಮಾಡಿಸುವುದು ಕ್ಷೇಮ. ಪುಟಗಳನ್ನು 16ರ ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪು) ಲೆಕ್ಕಕ್ಕೇ ಹೊಂದಿಸಬೇಕು. ಪ್ರತಿ ಸಂಪುಟಕ್ಕೂ ಬೇರೆ ಐಎಸ್‌ಬಿಎನ್ ಬೇಕು. ನಮ್ಮ ದೇಶದಲ್ಲಿ ಅದಕ್ಕೆ ಶುಲ್ಕವಿಲ್ಲ.

ಮ್ಯಾಪ್‌ಗೆ ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆಯಾದ ಡೆಮಿ ಅಷ್ಟದಳದ ಪುಟ ಚಿಕ್ಕದಾಯಿತು. ಅಂಚು ಕಳೆದರೆ ಉಳಿಯುವುದು ಸುಮಾರು ನಾಲ್ಕೂವರೆ ಇಂಚು ಅಗಲ, ಏಳು ಇಂಚು ಎತ್ತರ. ಐದಡಿ ಜಾಗವನ್ನು ತೋರಿಸುವ ಒಂದು ಚೌಕಕ್ಕೆ ಕಾಲಿಂಚು ಕೊಟ್ಟರೆ 90 ಅಡಿಗೆ 140 ಅಡಿಯ ಜಾಗವಷ್ಟೇ ಹಿಡಿಸುತ್ತದೆ. ಎರಡು ಪುಟಕ್ಕೆ ಹರಡಿದರೆ ಬೈಂಡಿಂಗ್ ನಡುವಿನ ಚೌಕಗಳನ್ನು ನುಂಗುತ್ತದೆ. ಪುಸ್ತಕದಲ್ಲಿ ಚಿಕ್ಕ ಮ್ಯಾಪ್ ಇಟ್ಟು, ಮೇಜಿನ ಮೇಲೆ ಹಾಸಲು ಚೌಕಕ್ಕೆ ಒಂದಿಂಚಿನ ಅಳತೆಯದನ್ನು ಪಿಡಿಎಫ್ ಆಗಿ ಕೊಡಬೇಕು.

ಡಿಟಿಪಿ ಮಾಡಿಸುವವರಿಗೆ ಒಂದು ಕಳಕಳಿಯ ಮಾತು. ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿಸಬೇಡಿ. ಆಟದ ನಡುವೆ ಪಾತ್ರದ ಹೆಸರು ಹುಡುಕಿದರೆ ಅಂಥ ಪಿಡಿಎಫ್‌ನಲ್ಲಿ ಸಿಗುವುದಿಲ್ಲ. ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿದರೆ ಅರ್ಕಾವತ್ತು, ಚಿಹ್ನೆಗಳು ಕೆಡುತ್ತವೆ. ದಾಳದ ಅಂಕಕ್ಕೆ ಕೂಡಿಸಬೇಕಾದ ಪ್ಲಸ್ 7 ಎಂಬಲ್ಲಿ ಚಿಹ್ನೆ ಮಾಯವಾದರೆ ಇಡೀ ಕಾದಾಟವೇ ತಪ್ಪುತ್ತದೆ. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ತಂತ್ರಾಂಶ ಬಳಸುವುದಾದರೆ ಅದರ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಇರಲಿ, ಇಲ್ಲವಾದರೆ ಒತ್ತಕ್ಷರ ಒಡೆಯುತ್ತವೆ. ಇಂಗ್ಲಿಷ್ ಪುಸ್ತಕಗಳ ಎರಡು ಕಾಲಂ ವಿನ್ಯಾಸವನ್ನು ಹಾಗೇ ನಕಲು ಮಾಡಿದರೆ ನಮ್ಮ ಉದ್ದುದ್ದ ಪದಗಳಿಂದ ಸಾಲುಗಳಲ್ಲಿ ಕಿಂಡಿ ಬೀಳುತ್ತವೆ.

ನಿಯಮಗಳ ಹಕ್ಕಿನ ವಿಷಯ ಈಗ ಮೊದಲಿಗಿಂತ ಸಲೀಸು. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಲಭ್ಯವಿದೆ. ಅದನ್ನು ಅನುವಾದಿಸಬಹುದು, ಮಾರಲೂಬಹುದು; ಪ್ರತಿ ಸಂಪುಟದಲ್ಲೂ ಮೂಲದ ಉಲ್ಲೇಖ ಅಚ್ಚಾಗಬೇಕು. ಆ ಆಟದ ಬೇರೆ ಪುಸ್ತಕಗಳಲ್ಲಷ್ಟೇ ಇರುವ ಊರು, ಪಾತ್ರ, ರಾಕ್ಷಸರನ್ನು ಎತ್ತಿಕೊಳ್ಳುವಂತಿಲ್ಲ.

ಪೂರ್ತಿ ಸರಣಿಗೆ ಓದುಗರಿಂದ ಮುಂಗಡ ಪಡೆಯುವವರು, ಎಲ್ಲ ಸಂಪುಟಗಳ ಕರಡು ಕೈಯಲ್ಲಿದ್ದು, ಬರೆದವರಲ್ಲದ ಬೇರೊಂದು ಗುಂಪು ಅದನ್ನು ಕೊನೆಯವರೆಗೂ ಆಡಿ ನೋಡಿದ ಮೇಲಷ್ಟೇ ಹಣ ಕೇಳಲಿ. ಅಲ್ಲಿಯವರೆಗೆ ಒಂದೊಂದು ಪುಸ್ತಕಕ್ಕೆ ಮಾತ್ರ ಮುಂಗಡ ಇರಲಿ.

ಇಂತಿ,
ತಮ್ಮ ಓದುಗರು,
ಚಿತ್ರದುರ್ಗ