ಆಮೆಗೆ ಬಲೆಯಲ್ಲೊಂದು ಬಾಗಿಲು ಬೇಕು

ಮಾನ್ಯ ಸಂಪಾದಕರೇ,

ಬಲೆಗೆ ಸಿಕ್ಕಿ ಸತ್ತ ಕಡಲಾಮೆಗಳ ಚಿತ್ರ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಕೆಳಗೆ ‘ಜಾಗೃತಿ ಮೂಡಬೇಕು’ ಅಂತ ಒಂದು ಸಾಲು. ಯಾರಿಗೆ ಜಾಗೃತಿ? ಆಮೆ ಹಿಡಿಯಲೆಂದು ಆ ಬಲೆ ಬಿಟ್ಟವರು ಯಾರೂ ಇಲ್ಲ. ಬಿಟ್ಟಿದ್ದು ಸಿಗಡಿಗೆ. ಆಮೆಗೆ ಕಿವಿರಿಲ್ಲ, ಉಸಿರಾಡಲು ನೀರಿನ ಮೇಲೆ ಬರಲೇಬೇಕು. ದೋಣಿಯ ಹಿಂದೆ ಕಟ್ಟಿದ ಚೀಲದಂಥ ಟ್ರಾಲ್ ಬಲೆಯನ್ನು ತಾಸುಗಟ್ಟಲೆ ಎಳೆಯುತ್ತಾ ಹೋದರೆ ಒಳಗೆ ಸಿಕ್ಕ ಆಮೆ ಉಸಿರುಗಟ್ಟಿ ಸಾಯುತ್ತದೆ, ಅಷ್ಟೇ.

ಇದಕ್ಕೆ ಉಪಾಯ ಹೊಸದೇನಲ್ಲ. ಬಲೆಯ ಕುತ್ತಿಗೆಯಲ್ಲಿ ಓರೆಯಾಗಿ ಒಂದು ಕಂಬಿ ಜಾಲರಿ ಕೂರಿಸುತ್ತಾರೆ. ಕಂಬಿಗಳ ನಡುವೆ ಸುಮಾರು 10 ಸೆಂ.ಮೀ. ಸಂದು. ಸಿಗಡಿ ಅದರಲ್ಲಿ ನುಸುಳಿ ಹಿಂದಿನ ಚೀಲಕ್ಕೆ ಬೀಳುತ್ತದೆ. ಆಮೆ ಕಂಬಿಗೆ ತಾಗಿ, ಜಾರಿ, ಅಲ್ಲಿರುವ ಕಿಂಡಿಯ ಪರದೆ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಸರಿಯಾಗಿ ಕೂರಿಸಿದ್ದರೆ 100ಕ್ಕೆ 97 ಆಮೆ ಪಾರು. ಅಮೆರಿಕ 1987ರಲ್ಲೇ ಇದಕ್ಕೆ ನಿಯಮ ತಂದಿತು. 1989ರಲ್ಲಿ, ಆಮೆಗಳನ್ನು ಕಾಪಾಡದ ದೇಶಗಳ ಸಿಗಡಿ ತರಿಸುವುದಕ್ಕೂ ತಡೆ ಹಾಕಿತು.

ಆದರೆ ಕಿಂಡಿಯನ್ನು ದಾರದಿಂದ ಹೊಲಿದುಬಿಟ್ಟರೆ ಜಾಲರಿ ಇದ್ದೂ ಇಲ್ಲದಂತೆ. ಹಾಗೆ ಹೊಲಿಯುವವರಿಗೆ ಆಮೆ ಮೇಲೇನೂ ಸಿಟ್ಟಿಲ್ಲ. ಕಿಂಡಿಯಿಂದ ಒಂದಿಷ್ಟು ಸಿಗಡಿಯೂ ಜಾರಿಹೋಗುತ್ತದೆ, ಡೀಸೆಲ್ ಖರ್ಚು ಮಾತ್ರ ಅಷ್ಟೇ ಇರುತ್ತದೆ. ಆ ನಷ್ಟ ಯಾರು ತುಂಬುತ್ತಾರೆ ಅನ್ನುವ ಮಾತೇ ಎತ್ತದೆ ಬರೀ ದಂಡ ಹಾಕಿದರೆ ಸೂಜಿ ದಾರಕ್ಕೇ ಕೆಲಸ ಜಾಸ್ತಿ, ಅಲ್ವಾ?

ಮೆಕ್ಸಿಕೋದಲ್ಲಿ ಆಗಿದ್ದು ನೋಡಿ. ಕ್ಯಾಲಿಫೋರ್ನಿಯಾ ಕೊಲ್ಲಿಯ ತುದಿಯಲ್ಲಿ ಮಾತ್ರ ಇರುವ, ಡಾಲ್ಫಿನ್‌ನ ದಾಯಾದಿ ಅನ್ನಬಹುದಾದ ಪುಟ್ಟ ಪ್ರಾಣಿ ವಕೀಟಾ. ಉದ್ದ ಒಂದೂವರೆ ಮೀಟರ್ ಅಷ್ಟೇ. 1997ರ ಎಣಿಕೆಯಲ್ಲಿ 567ರಷ್ಟಿದ್ದವು, ಈಗ ಉಳಿದಿರುವುದು ಹತ್ತರ ಆಸುಪಾಸು. ಅದನ್ನೂ ಯಾರೂ ಬೇಟೆಯಾಡಲಿಲ್ಲ. ಟೊಟೊಆಬಾ ಮೀನಿನ ಗಾಳಿಚೀಲಕ್ಕೆ ಚೀನಾದಲ್ಲಿ ಭಾರೀ ಬೆಲೆ. ಆ ಮೀನಿಗೆ ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟ ಗಿಲ್‌ನೆಟ್ ಎಂಬ ಬಲೆಗೆ ವಕೀಟಾ ಸಿಕ್ಕಿ ಸಾಯುತ್ತದೆ. ಬಲೆಗೆ ನಿಷೇಧ ಇದೆ, ಕಾಗದದ ಮೇಲೆ.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪ ಸಾಕ್ಷಿ. ಅಲ್ಲಿ ಮೀನಿಗೆ ಬಿಟ್ಟ ಉದ್ದ ಗಾಳದ ಹಗ್ಗಗಳಿಗೆ ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಗಳು ಬಲಿಯಾಗುತ್ತಿದ್ದವು. ಎರೆಗೆ ಎರಗಿದ ಹಕ್ಕಿ ಗಾಳದ ಜೊತೆ ಮುಳುಗುತ್ತಿತ್ತು. ಅಲೆಮಾರಿ ಆಲ್ಬಟ್ರಾಸ್ ಎರಡು ವರ್ಷಕ್ಕೊಮ್ಮೆ ಇಡುವುದು ಒಂದೇ ಮೊಟ್ಟೆ. ಸತ್ತ ಹಕ್ಕಿಯ ಜಾಗ ತುಂಬಲು ವರ್ಷಗಟ್ಟಲೆ ಬೇಕು. ಗಾಳವನ್ನು ರಾತ್ರಿ ಮಾತ್ರ ಬಿಡಬೇಕು, ಹಗ್ಗಕ್ಕೆ ಭಾರ ಕಟ್ಟಬೇಕು, ಹಕ್ಕಿ ಬೆದರಿಸುವ ಪಟ್ಟಿಗಳನ್ನು ತೂಗುಬಿಡಬೇಕು ಎಂದು ಕಡ್ಡಾಯ ಮಾಡಿದರು. ಹಡಗಿನಲ್ಲೇ ವೀಕ್ಷಕರನ್ನೂ ಕೂರಿಸಿದರು. ಸಾವು ಹೆಚ್ಚುಕಡಿಮೆ ನಿಂತೇಹೋಯಿತು. ಇದು ಬರೀ ಜಾಗೃತಿಯಿಂದ ಆದ ಕೆಲಸವಲ್ಲ.

ಹಾಗಾಗಿ ನಿಮ್ಮ ವರದಿಗಾರರು ಇನ್ನೆರಡು ಪ್ರಶ್ನೆ ಕೇಳಲಿ. ಬಲೆಯಲ್ಲಿ ಜಾಲರಿ ಇತ್ತೇ? ಕೊನೆಯ ಸಲ ಅದನ್ನು ತಪಾಸಣೆ ಮಾಡಿದ್ದು ಯಾವಾಗ? ಮೀನುಗಾರರ ಕೈಯಲ್ಲೂ ಒಂದು ಲೇಖನ ಬರೆಸಿ. ಜಾಲರಿಯಿಂದ ಎಷ್ಟು ಸಿಗಡಿ ಹೋಗುತ್ತದೆ, ಎಷ್ಟು ಸಹಾಯ ಸಿಕ್ಕರೆ ಕಿಂಡಿ ಹೊಲಿಯುವುದನ್ನು ಬಿಡುತ್ತಾರೆ ಅಂತ ಅವರೇ ಹೇಳಬೇಕು.

ಇಂತಿ,
ಒಬ್ಬ ಓದುಗ