ಶಿವನಸಮುದ್ರದಲ್ಲಿ ಹುಟ್ಟಿದ್ದು ಎಡಿಸನ್ನರ ಕರೆಂಟಲ್ಲ

ಮಾನ್ಯ ಸಂಪಾದಕರೇ,

ಕಾವೇರಿಯ ಶಿವನಸಮುದ್ರ ಜಲವಿದ್ಯುತ್ ಕೇಂದ್ರದ ಮಾತು ಬಂದಾಗಲೆಲ್ಲ ‘ಎಡಿಸನ್ನರ ಕಂಪನಿಯ ಯಂತ್ರಗಳು’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು ಎಂಬುದು ನಿಜ. ಆದರೆ ಅವು ಕೊಟ್ಟದ್ದು ಎಸಿ (ದಿಕ್ಕು ಬದಲಿಸುತ್ತ ಹರಿಯುವ ಕರೆಂಟು), ಎಡಿಸನ್ ಹಟ ಹಿಡಿದು ವಿರೋಧಿಸಿದ ವಿದ್ಯುತ್ತು.

1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ಬೀದಿಯಲ್ಲಿ ಅವರು ತೆರೆದದ್ದು 110 ವೋಲ್ಟಿನ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಕೇಂದ್ರ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಒಂದೆರಡು ಕಿ.ಮೀ. ದಾಟುವುದರೊಳಗೆ ದೀಪ ಮಂಕಾಗುತ್ತದೆ. ತಂತಿ ದಪ್ಪ ಮಾಡುತ್ತ ಹೋದರೆ ತಾಮ್ರಕ್ಕೆ ಸುರಿದ ದುಡ್ಡು ಹುಟ್ಟುವುದಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜು ಏರಿಸೋಣವೆಂದರೆ ಅದು ಡಿಸಿಗೆ ನಡೆಯದು. ಎಸಿಯ ಅನುಭವವಿದ್ದದ್ದು ಅಮೆರಿಕದ ಲಿನ್ ಊರಿನ ಥಾಮ್ಸನ್-ಹೂಸ್ಟನ್ ಕಂಪನಿಗೆ. 1892ರಲ್ಲಿ ಅದೂ ಎಡಿಸನ್ನರ ಕಂಪನಿಯಾದ ಎಡಿಸನ್ ಜನರಲ್ ಎಲೆಕ್ಟ್ರಿಕ್ಕೂ ಒಂದಾದವು. ಹೆಸರಿನಿಂದ ‘ಎಡಿಸನ್’ ಬಿದ್ದುಹೋಗಿ ‘ಜನರಲ್ ಎಲೆಕ್ಟ್ರಿಕ್’ ಉಳಿಯಿತು. ಚುಕ್ಕಾಣಿ ಹಿಡಿದದ್ದು ಥಾಮ್ಸನ್-ಹೂಸ್ಟನ್ ಕಡೆಯ ಚಾರ್ಲ್ಸ್ ಕಾಫಿನ್, ಮೊದಲು ಪಾದರಕ್ಷೆ ವ್ಯಾಪಾರದಲ್ಲಿದ್ದವರು! ಎಡಿಸನ್ ಕಬ್ಬಿಣದ ಅದಿರು ಬೇರ್ಪಡಿಸುವ ಕೆಲಸದಲ್ಲಿ ಮುಳುಗಿದರು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನು ಎಳೆದದ್ದು 35,000 ವೋಲ್ಟಿನಲ್ಲಿ. (ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನವು, ಆ ಹೆಸರನ್ನು ನೆನೆಯುವವರೇ ಇಲ್ಲ.) ಅಷ್ಟೇ ಶಕ್ತಿಯನ್ನು ಅದೇ ತಂತಿಯಲ್ಲಿ 110ರ ಬದಲು 35,000 ವೋಲ್ಟಿನಲ್ಲಿ ಹರಿಸಿದರೆ ಕರೆಂಟು 318ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಂತಿ ಕಾದು ಪೋಲಾಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಹಾಗಾಗಿ ನಷ್ಟ ಲಕ್ಷದಲ್ಲಿ ಒಂದು ಪಾಲು. ಡಿಸಿಯನ್ನೇ ನೆಚ್ಚಿಕೊಂಡಿದ್ದರೆ ಕಾವೇರಿಯ ಕರೆಂಟು ಗಣಿಯ ತನಕ ಹೋಗುತ್ತಿರಲಿಲ್ಲ.

ಇನ್ನೊಂದು ವಿಷಯ ಬರಹಗಳಲ್ಲಿ ಬಿಟ್ಟೇ ಹೋಗುತ್ತದೆ. ಶಿವನಸಮುದ್ರದ್ದು ಆಗ 25 ಸೈಕಲ್ಲಿನ (ಸೆಕೆಂಡಿಗೆ 25 ಆವರ್ತನದ) ವಿದ್ಯುತ್ತು, ಅಮೆರಿಕದ ನಯಾಗರ ಜಲವಿದ್ಯುತ್ ಕೇಂದ್ರದಲ್ಲಿ ಇದ್ದಂಥದೇ. ನಿಧಾನ ತಿರುಗುವ ದೊಡ್ಡ ಮೋಟರುಗಳಿಗೆ ಅದು ಒಗ್ಗುತ್ತದೆ, ಬಲ್ಬಿಗೆ ಒಗ್ಗದು. ಬೆಳಕು ಅದುರುವುದು ಕಣ್ಣಿಗೆ ಗೊತ್ತಾಗುತ್ತದೆ. 25ಕ್ಕೆಂದು ಮಾಡಿದ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನ, ಈಗಿನ 50 ಸೈಕಲ್ಲಿನ ಲೈನಿಗೆ ಹಾಕಿದರೆ ತೊಂದರೆಯಿಲ್ಲ. ತಿರುಗುಮುರುಗಾದರೆ ಕೋರ್‌ನಲ್ಲಿ ಕಾಂತಪ್ರವಾಹ ಇಮ್ಮಡಿಯಾಗಿ, ಸುರುಳಿ ವಿಪರೀತ ಕರೆಂಟು ಎಳೆದು ಸುಟ್ಟುಹೋಗುತ್ತದೆ. ಮೋಟರಿನ ಕಥೆ ಬೇರೆ: 25ಕ್ಕೆಂದು ಮಾಡಿದ್ದನ್ನು 50ಕ್ಕೆ ಹಾಕಿದರೆ, ನಾಲ್ಕು ಧ್ರುವದ್ದು ನಿಮಿಷಕ್ಕೆ 750 ಸುತ್ತಿನ ಬದಲು 1500ರ ಹತ್ತಿರ ಓಡಲು ಹೋಗುತ್ತದೆ. ಅದಕ್ಕೆ ಸೆಂಟ್ರಿಫ್ಯೂಗಲ್ ಪಂಪು ಜೋಡಿಸಿದ್ದರೆ ವೇಗ ಎರಡು ಪಟ್ಟು, ಬೇಕಾಗುವ ಶಕ್ತಿ ಎಂಟು ಪಟ್ಟು. ಸೈಕಲ್ ಬದಲಿಸುವಾಗ ಪಂಪುಗಳನ್ನೂ ರಾಟೆಗಳನ್ನೂ ಬದಲಿಸಬೇಕಾಗುವುದು ಇದಕ್ಕೇ.

ಜನರಲ್ ಎಲೆಕ್ಟ್ರಿಕ್ ಕಂಪನಿ (ಜಿಇ) 2024ರ ಏಪ್ರಿಲ್ ಹೊತ್ತಿಗೆ ಮೂರಾಗಿ ಒಡೆದಿದೆ. ವಿದ್ಯುತ್ ಯಂತ್ರಗಳ ಪಾಲು ಈಗ ಜಿಇ ವರ್ನೋವಾ. ಮುಂದಿನ ಸಲ ಶಿವನಸಮುದ್ರದ ಲೇಖನ ಪ್ರಕಟಿಸುವಾಗ ‘ಎಡಿಸನ್’ ಬದಲು ‘ಜನರಲ್ ಎಲೆಕ್ಟ್ರಿಕ್, ಸ್ಕೆನೆಕ್ಟಡಿ’ ಎಂದೂ, ಅದರ ಪಕ್ಕದಲ್ಲೇ ‘ಎಷರ್ ವಿಸ್, ಜೂರಿಕ್’ ಎಂದೂ ಹಾಕಿಸಿ.

– ನಿವೃತ್ತ ವಿದ್ಯುತ್ ಎಂಜಿನಿಯರ್, ಮಂಡ್ಯ